ಗುಳೆ ಹೋದವರು ಊರು ಬಿಟ್ಟವರಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮತದಾರರ ಯಾದಿಯ ಬಗೆಗಿನ ದೂರುಗಳೇ ಆಗಿದ್ದುದರಿಂದ, ಪೋಡಿ, ವಾರಸಾ, ಪಿಂಚಣಿಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇದೊಂದೇ ವಿಷಯವನ್ನು ಎತ್ತಿಕೊಂಡಿದ್ದೇನೆ. ನಿವೃತ್ತಿಗೆ ಮುಂಚೆ ತಹಶೀಲ್ದಾರ ಕಚೇರಿಯೊಂದರ ಚುನಾವಣಾ ಶಾಖೆಯಲ್ಲಿ ಯಾದಿ ತಿದ್ದುವ ಕೆಲಸ ಮಾಡಿದವನಾದ್ದರಿಂದ, ಪತ್ರಗಳಲ್ಲಿ ‘ಕಚೇರಿಯವರು’ ಎಂದು ಬೈದಿರುವಲ್ಲೆಲ್ಲ ಆ ಬೈಗುಳದ ಒಂದು ಪಾಲು ನನಗೂ ಸೇರುತ್ತದೆ ಎಂದು ತಿಳಿದೇ ಓದಿದ್ದೇನೆ.

ಪ್ರಶ್ನೆ: ನಮ್ಮ ತಾಂಡಾದವರು ದೀಪಾವಳಿ ಮುಗಿಸಿಕೊಂಡು ಕಬ್ಬು ಕಡಿಯಲು ಸಾಂಗಲಿ, ಕೊಲ್ಹಾಪುರದ ಕಡೆಗೆ ಹೋಗಿ ಹೋಳಿ ಹುಣ್ಣಿಮೆಯ ಆಸುಪಾಸಿಗೆ ತಿರುಗಿ ಬರುತ್ತೇವೆ. 2024ರ ಮೇ 7ರಂದು ಲೋಕಸಭೆಗೆ ಮತ ಹಾಕಲು ಹೋದಾಗ ನನ್ನ, ನನ್ನ ಹೆಂಡತಿಯ ಮತ್ತು ತಮ್ಮನ ಹೆಸರುಗಳು ಯಾದಿಯಲ್ಲಿ ಇರಲಿಲ್ಲ. ಹಿಂದಿನ ವರ್ಷ ವಿಧಾನಸಭೆಗೆ ಅದೇ ಶಾಲೆಯ ಅದೇ ಕೋಣೆಯಲ್ಲಿ ಮೂವರೂ ಮತ ಹಾಕಿದ್ದೆವು, ಕೈಯಲ್ಲಿ ಕಾರ್ಡೂ ಇದ್ದವು. ಬೇಕಂತಲೇ ತೆಗೆಸಿದ್ದಾರೆ ಎಂದು ಊರಲ್ಲಿ ಹೇಳುತ್ತಾರೆ. ನಿಜವೇ? ಕಾರ್ಡು ಇದ್ದೂ ಮತ ಇಲ್ಲವೆಂದರೆ ಆ ಕಾರ್ಡು ಯಾತಕ್ಕೆ?
– ಇಂಡಿ ತಾಲೂಕಿನ ಓದುಗರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮತಗಟ್ಟೆಯ ಬಾಗಿಲಲ್ಲಿ ಆಗುವ ಜಗಳಗಳು ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ. ಕಾರ್ಡು ನೀವು ಯಾರೆಂದು ಹೇಳುತ್ತದೆಯೇ ಹೊರತು ಆ ಮತಗಟ್ಟೆಯಲ್ಲಿ ನಿಮಗೆ ಮತವಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಯಾದಿ ಮಾತ್ರ. ಯಾದಿಯಲ್ಲಿ ಹೆಸರಿದ್ದು ಕಾರ್ಡು ಕಳೆದುಹೋಗಿದ್ದರೆ ಆಧಾರ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ಕು ಮೊದಲಾದ 12 ದಾಖಲೆಗಳಲ್ಲಿ ಯಾವುದನ್ನು ತೋರಿಸಿದರೂ ನಡೆಯುತ್ತದೆ. ಯಾದಿಯಲ್ಲಿ ಹೆಸರಿಲ್ಲದಿದ್ದರೆ ಆ ಹನ್ನೆರಡನ್ನೂ ಹರಡಿಟ್ಟರೂ ಪ್ರಿಸೈಡಿಂಗ್ ಅಧಿಕಾರಿ ಏನೂ ಮಾಡಲಾರರು.

ಇನ್ನು ಬೇಕಂತಲೇ ತೆಗೆದರೇ ಎಂಬ ಮಾತು. ನಿಮ್ಮ ಊರಿನ ಕಡತವನ್ನು ನಾನು ನೋಡಿಲ್ಲ, ಆದರೆ ಇಂಥ ಹೆಸರುಗಳು ಹೇಗೆ ಹೋಗುತ್ತವೆ ಎಂಬುದನ್ನು ಬಲ್ಲೆ. ಒಂದು ವರ್ಷ ತಾಂಡಾವೊಂದರ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿದ್ದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಮನೆಮನೆ ಪರಿಶೀಲನೆ ಮುಗಿಸಿ ಯಾದಿಯ ಪ್ರತಿಯನ್ನು ನಮ್ಮ ಶಾಖೆಗೆ ತಂದುಕೊಟ್ಟರು. ಪರಿಶೀಲನೆ ನಡೆದದ್ದು ನವೆಂಬರಿನಲ್ಲಿ, ಕಬ್ಬಿನ ಹಂಗಾಮು ಆಗಲೇ ಶುರುವಾಗಿತ್ತು. ಪುಟಪುಟದಲ್ಲೂ ಹೆಸರುಗಳ ಪಕ್ಕಕ್ಕೆ ಅವರು ಪೆನ್ಸಿಲಿನಿಂದ ‘ಗುಳೆ’ ಎಂದು ಬರೆದಿದ್ದರು, ಒಂದೆರಡು ಕಡೆ ‘ಗುಳೆ, ಮುದುಕಿ ಮನಿಯಾಗ ಅದಾಳ’ ಎಂದೂ ಇತ್ತು. ಆದರೆ ನಾವು ತುಂಬಬೇಕಾಗಿದ್ದ ತಖ್ತೆಯಲ್ಲಿ ಗೈರುಹಾಜರು, ಸ್ಥಳಾಂತರ, ಮರಣ ಎಂಬ ಮೂರೇ ಕಲಮುಗಳಿದ್ದವು. ಟೈಪು ಮಾಡುತ್ತಿದ್ದ ಹುಡುಗ ಗುಳೆಯನ್ನೆಲ್ಲ ಸ್ಥಳಾಂತರಕ್ಕೆ ಹಾಕಿದ. ನಾನು ಸಹಿಗೆ ಕಳಿಸಿದೆ. ಆ ತಾಂಡಾದವರು ಯಾವ ಪಕ್ಷಕ್ಕೆ ಮತ ಹಾಕುತ್ತಾರೆ ಎಂಬುದು ಆ ಕೋಣೆಯಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಸಂಜೆಯ ಹೊತ್ತಿಗೆ ಅಂಕಿ ಕೂಡಿಬರಬೇಕು ಎಂಬುದೊಂದೇ ಇತ್ತು. ಅದರಲ್ಲಿ ಎಷ್ಟು ಹೆಸರುಗಳು ಮುಂದೆ ಹೋದವು, ಎಷ್ಟು ಉಳಿದವು ಎಂದು ನಾನು ಆಮೇಲೆ ವಿಚಾರಿಸಲಿಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕೆ ನಿಮ್ಮ ಪತ್ರ ಬರಬೇಕಾಯಿತು.

ಕಾನೂನು ನಮ್ಮ ತಖ್ತೆಗಿಂತ ಉದಾರವಾಗಿದೆ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 20ನೆಯ ಕಲಮು, ತಾತ್ಕಾಲಿಕವಾಗಿ ಊರಲ್ಲಿ ಇಲ್ಲದ ಮಾತ್ರಕ್ಕೆ ಒಬ್ಬನ ಸಾಮಾನ್ಯ ವಾಸಸ್ಥಳ ತಪ್ಪಿಹೋಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಐದು ತಿಂಗಳು ಕಬ್ಬಿನ ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕಿಕೊಂಡಿದ್ದವರು, ರೇಷನ್ ಕಾರ್ಡು, ಮಕ್ಕಳ ಶಾಲೆ, ಮನೆದೇವರು ಎಲ್ಲವೂ ಊರಲ್ಲೇ ಇರುವವರು, ಊರು ಬಿಟ್ಟವರಲ್ಲ. ಇನ್ನು 22ನೆಯ ಕಲಮಿನ ಪ್ರಕಾರ, ‘ಇವರು ಇಲ್ಲಿ ವಾಸವಿಲ್ಲ’ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಗೆ ತನ್ನ ಮಾತು ಹೇಳಿಕೊಳ್ಳಲು ನೋಂದಣಿ ಅಧಿಕಾರಿ ಅವಕಾಶ ಕೊಡಲೇಬೇಕು. ಬೀಗ ಹಾಕಿದ ಬಾಗಿಲಿಗೆ ಡಿಸೆಂಬರಿನಲ್ಲಿ ಚೀಟಿ ಅಂಟಿಸಿ, ಉತ್ತರ ಬರಲಿಲ್ಲವೆಂದು ಜನವರಿಯಲ್ಲಿ ಹೆಸರು ಹೊಡೆದುಹಾಕಿದರೆ ಕಾಗದದ ಮೇಲೆ ಅವಕಾಶ ಕೊಟ್ಟಂತೆಯೇ ಆಯಿತು. ಅದನ್ನು ಅವಕಾಶವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮರಣದ ಕಾರಣಕ್ಕೆ ತೆಗೆಯುವಾಗ ಈ ವಿಚಾರಣೆಯ ಕಟ್ಟಳೆ ಇಲ್ಲ, ಬದುಕಿದ್ದವರು ಕೆಲವೊಮ್ಮೆ ಯಾದಿಯಲ್ಲಿ ಸತ್ತಿರುವುದಕ್ಕೆ ಅದೂ ಒಂದು ಕಾರಣ.

ಈಗ ನೀವು ಮಾಡಬೇಕಾದುದು ಎರಡು. ಮೂವರೂ ಬೇರೆಬೇರೆಯಾಗಿ ನಮೂನೆ 6ರಲ್ಲಿ ಹೊಸದಾಗಿ ಅರ್ಜಿ ಹಾಕಿ, ಸ್ವೀಕೃತಿ ಪಡೆಯಿರಿ. ಜೊತೆಗೆ, ನಿಮ್ಮ ಹೆಸರನ್ನು ಯಾವ ಕಾರಣಕ್ಕೆ, ಯಾರ ಅರ್ಜಿಯ ಮೇಲೆ, ಯಾವ ದಿನ ತೆಗೆಯಲಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿರಿ. ನಮೂನೆ 7 ಹಾಕಿ ಹೆಸರು ತೆಗೆಸಿದವರು ಯಾರಾದರೂ ಇದ್ದರೆ ಅವರೂ ಅದೇ ಕ್ಷೇತ್ರದ ಮತದಾರರಾಗಿರಬೇಕು, ತಮ್ಮ ಹೆಸರು, ಕಾರ್ಡಿನ ಸಂಖ್ಯೆ ಬರೆದಿರಬೇಕು; ಸುಳ್ಳು ಹೇಳಿಕೆ ಕೊಟ್ಟಿದ್ದರೆ 31ನೆಯ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸವಿದೆ. ಬಂದ ಉತ್ತರದಲ್ಲಿ ‘ಬಿಎಲ್‌ಒ ವರದಿ, ಸ್ಥಳಾಂತರ’ ಎಂದಷ್ಟೇ ಇದ್ದರೆ ಅದು ನನ್ನಂಥವರ ಕೆಲಸ. ಮೂವರ ಹೆಸರೂ ಒಂದೇ ದಿನ, ನಿಮಗೆ ಗುರುತಿರುವ ಒಬ್ಬನೇ ಮನುಷ್ಯನ ಸಹಿಯಲ್ಲಿ ಹೋಗಿದ್ದರೆ ಊರಿನವರ ಅನುಮಾನಕ್ಕೆ ಆಧಾರ ಸಿಕ್ಕಿತು. ಅರ್ಜಿ ತಿರಸ್ಕಾರವಾದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಆದ್ದರಿಂದ ಈ ಸಲ ಕೊಯ್ತೆ ಹೆಗಲಿಗೇರಿಸಿ ಟ್ರ್ಯಾಕ್ಟರ್ ಹತ್ತುವ ಮುಂಚೆ ಗ್ಯಾಂಗಿನವರೆಲ್ಲರ ಹೆಸರು ಯಾದಿಯಲ್ಲಿ ಇದೆಯೇ ನೋಡಿಕೊಳ್ಳಿರಿ. ಮಕ್ಕಳ ಮೊಬೈಲಿನಲ್ಲಿ ನೋಡಲು ಬರದಿದ್ದರೆ 1950ಕ್ಕೆ ಫೋನು ಮಾಡಿದರೂ ಹೇಳುತ್ತಾರೆ.

ಪ್ರಶ್ನೆ: ಆಳಂದ, ಮಹದೇವಪುರ, ಬಿಹಾರ ಎಂದು ದಿನಾ ಟಿವಿಯಲ್ಲಿ ನೋಡುತ್ತೇವೆ. ಒಬ್ಬರು ಮತಗಳ್ಳತನ ಎನ್ನುತ್ತಾರೆ, ಇನ್ನೊಬ್ಬರು ಎಲ್ಲ ಸುಳ್ಳು ಎನ್ನುತ್ತಾರೆ. ಕಾಲೇಜಿನಲ್ಲಿ ಪಾಠ ಮಾಡುವ ನನಗೇ ವಿದ್ಯಾರ್ಥಿಗಳಿಗೆ ಏನು ಹೇಳಬೇಕೆಂದು ತಿಳಿಯದಾಗಿದೆ.
– ಬಾಗಲಕೋಟೆ ನವನಗರದ ಓದುಗರು

ಉತ್ತರ: ಮೂರನ್ನೂ ಒಂದೇ ಗಂಟಿಗೆ ಕಟ್ಟಿರುವುದರಿಂದಲೇ ಗೊಂದಲವಾಗಿದೆ. ಮಹದೇವಪುರದ್ದು ಹೆಸರು ಸೇರಿಸಿದ ಆರೋಪ, ಆಳಂದದ್ದು ಹೆಸರು ತೆಗೆಸಲು ಯತ್ನಿಸಿದ ಆರೋಪ, ಬಿಹಾರದ್ದು ಆಯೋಗವೇ ಕೈಗೊಂಡ ಪರಿಷ್ಕರಣೆಯ ರೀತಿಯ ಮೇಲಿನ ವಿವಾದ.

ಮಹದೇವಪುರ ವಿಧಾನಸಭಾ ಕ್ಷೇತ್ರದಲ್ಲಿ 1,00,250 ನಕಲಿ ಮತಗಳಿದ್ದವು ಎಂದು ರಾಹುಲ್ ಗಾಂಧಿ 2025ರ ಆಗಸ್ಟ್ 7ರಂದು ಆರೋಪಿಸಿದರು. ಚುನಾವಣಾ ಆಯೋಗ ಅದನ್ನು ಅಲ್ಲಗಳೆದು, ಪ್ರಮಾಣಪತ್ರದೊಂದಿಗೆ ದೂರು ಕೊಡಿ ಎಂದಿತು. ಒಂದೇ ಬಾಗಿಲ ನಂಬರಿನಲ್ಲಿ ಹತ್ತಾರು ಹೆಸರುಗಳಿರುವುದು ಕೆಟ್ಟ ಯಾದಿಯ ಗುರುತು ಹೌದು. ಆ ಹೆಸರುಗಳ ಮೇಲೆ ಯಾರೋ ಬಂದು ಮತ ಹಾಕಿದರು ಎಂಬುದು ಅದರ ಮುಂದಿನ ಮಾತು, ಅದಕ್ಕೆ ಬೇರೆ ಸಾಕ್ಷಿ ಬೇಕು. ಅದನ್ನು ಹೇಳಿದಾಗ ಆಯೋಗದ ಪರವೆಂದು ನನ್ನನ್ನು ಬೈಯುವವರಿದ್ದಾರೆ, ಬೈಯಲಿ.

ಕಲಬುರಗಿ ಜಿಲ್ಲೆಯ ಆಳಂದದ ಕತೆ ಇದಕ್ಕಿಂತ ಗಟ್ಟಿಯಾದದ್ದು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಲು ಕೋರಿ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಪರಿಶೀಲಿಸಿದಾಗ ಅವುಗಳಲ್ಲಿ 24 ಮಾತ್ರ ಸರಿಯಾಗಿದ್ದವು, ಉಳಿದ 5,994 ಸರಿಯಲ್ಲದವು ಎಂದು ಕಂಡುಬಂದು, 2023ರ ಫೆಬ್ರುವರಿಯಲ್ಲಿ ಚುನಾವಣಾ ಅಧಿಕಾರಿಗಳೇ ಪೊಲೀಸರಿಗೆ ದೂರು ಕೊಟ್ಟರು. ಈ ಅಂಕಿಗಳು ಯಾವ ಪಕ್ಷದ್ದೂ ಅಲ್ಲ, ಅಧಿಕೃತವಾದವು. ಬೇರೆಯವರ ಹೆಸರಿನಲ್ಲಿ ಅವರಿಗೇ ಗೊತ್ತಿಲ್ಲದಂತೆ ಅರ್ಜಿ ಹೋಗಿದ್ದುದು ಬಯಲಾದದ್ದು ಯಾವ ಕಂಪ್ಯೂಟರಿನಿಂದಲೂ ಅಲ್ಲ, ಒಬ್ಬ ಬಿಎಲ್‌ಒ ತಮ್ಮ ಬಂಧುವಿನ ಹೆಸರು ತೆಗೆಯಲು ಬಂದ ಅರ್ಜಿಯನ್ನು ಕಂಡು ಅನುಮಾನಪಟ್ಟಿದ್ದರಿಂದ ಎಂದು ಹೇಳಲಾಗಿದೆ. ಆ ಹೆಸರುಗಳು ಉಳಿದವು, ಅಂದರೆ ವಿಚಾರಣೆಯ ಕಟ್ಟಳೆ ಅಲ್ಲಿ ಕೆಲಸ ಮಾಡಿತು. ಹಾಗೆಂದು ‘ಯಾರ ಮತವೂ ಹೋಗಲಿಲ್ಲವಲ್ಲ’ ಎಂದು ಕೈತೊಳೆದುಕೊಳ್ಳುವುದು, ಕನ್ನ ಹಾಕಿದವನು ಬರಿಗೈಯಲ್ಲಿ ಓಡಿದ್ದಕ್ಕೆ ಕಳ್ಳತನವೇ ಆಗಿಲ್ಲ ಎಂದಂತೆ. ಅರ್ಜಿ ಹಾಕಿದವರು ಯಾರು, ಯಾರು ಹಾಕಿಸಿದರು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಅದರ ತನಿಖೆಗೆ ವಿಶೇಷ ತಂಡ ರಚಿಸಿತು.

ಬಿಹಾರದಲ್ಲಿ 2025ರ ಜೂನ್ 24ರ ಆದೇಶದಂತೆ ವಿಶೇಷ ತೀವ್ರ ಪರಿಷ್ಕರಣೆ ನಡೆದು, ಆಗಸ್ಟ್ 1ರ ಕರಡು ಯಾದಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಆಯೋಗ ಕೊಟ್ಟ ಲೆಕ್ಕದಲ್ಲಿ ಸುಮಾರು 22 ಲಕ್ಷ ಮಂದಿ ತೀರಿಕೊಂಡವರು, 7 ಲಕ್ಷ ಒಂದಕ್ಕಿಂತ ಹೆಚ್ಚು ಕಡೆ ಹೆಸರಿದ್ದವರು, 36 ಲಕ್ಷ ಖಾಯಂ ಸ್ಥಳಾಂತರಗೊಂಡವರು ಅಥವಾ ಮನೆಯಲ್ಲಿ ಸಿಗದವರು. ಸತ್ತವರ ಹೆಸರು ತೆಗೆದದ್ದಕ್ಕೆ ತಕರಾರು ಮಾಡುವವರು ಯಾರೂ ಇಲ್ಲ. ಆ 36 ಲಕ್ಷದ ಅಂಕಿಯನ್ನು ಓದಿದಾಗ ಮಾತ್ರ ನನಗೆ ಪೆನ್ಸಿಲಿನಲ್ಲಿ ಬರೆದ ‘ಗುಳೆ’ ನೆನಪಾಯಿತು, ಏಕೆಂದರೆ ದುಡಿಮೆಗಾಗಿ ವರ್ಷದ ಅರ್ಧ ಹೊರಗಿರುವ ಜನ ಬಿಹಾರದಲ್ಲಿರುವಷ್ಟು ಬೇರೆಲ್ಲಿ ಇದ್ದಾರು? ಕೈಬಿಟ್ಟ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಆದೇಶಿಸಿತು, ಸೆಪ್ಟೆಂಬರಿನಲ್ಲಿ ಆಧಾರ್ ಕಾರ್ಡನ್ನೂ ಒಪ್ಪಬೇಕೆಂದಿತು. ಅದೇ ನ್ಯಾಯಾಲಯ 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ, ಒಮ್ಮೆ ಯಾದಿಯಲ್ಲಿ ಸೇರಿದವರ ಹೆಸರನ್ನು ತೆಗೆಯುವಾಗ ಅವರು ಈಗಾಗಲೇ ಸೇರಿದ್ದಾರೆ ಎಂಬುದಕ್ಕೆ ಬೆಲೆ ಕೊಡಬೇಕು, ಸರಿಯಾದ ವಿಚಾರಣೆ ನಡೆಸಬೇಕು ಎಂದಿತ್ತು.

ನಿಮ್ಮ ವಿದ್ಯಾರ್ಥಿಗಳಿಗೆ ಯಾವ ಸುದ್ದಿ ಬಂದಾಗಲೂ ಕೇಳಲು ಮೂರು ಪ್ರಶ್ನೆ ಕಲಿಸಿರಿ: ಹೆಸರು ತೆಗೆಯಲು ಕೇಳಿದವರು ಯಾರು, ಹೆಸರಿನ ಒಡೆಯನಿಗೆ ನೋಟಿಸು ಮುಟ್ಟಿತೇ, ದಾಖಲೆ ತರುವ ಹೊರೆ ಯಾರ ತಲೆಯ ಮೇಲಿತ್ತು. ನವನಗರದವರಿಗೆ ಈ ಹೊರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಮನೆ ಕೊಟ್ಟು ಬಂದವರು ತಾವು ಎಲ್ಲಿಯವರು ಎಂಬುದಕ್ಕೆ ಎಷ್ಟು ಕಚೇರಿಗಳಲ್ಲಿ ಕಾಗದ ತೋರಿಸಿದ್ದಾರೆ ಎಂಬುದು ಮನೆಮನೆಗೂ ಗೊತ್ತಿದೆ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಮತ ಹಾಕಲು ಗುರುತಿನ ಚೀಟಿ ಕೇಳಿದರೆ ಅದನ್ನೇ ಮತದಾನಕ್ಕೆ ಅಡ್ಡಿ ಎನ್ನುತ್ತಾರಂತೆ. ನಾವು ಎಪ್ಪತ್ತು ದಾಟಿದವರೂ ಚೀಟಿ ಹಿಡಿದುಕೊಂಡೇ ಹೋಗುತ್ತೇವಲ್ಲ, ಅವರಿಗೇನು ಕಷ್ಟ?
– ಚಿಕ್ಕೋಡಿಯ ಓದುಗರು

ಉತ್ತರ: ನಮ್ಮಲ್ಲಿ ಚೀಟಿಯನ್ನು ಸರ್ಕಾರವೇ ಪುಕ್ಕಟೆಯಾಗಿ ಮಾಡಿಸಿಕೊಟ್ಟಿದೆ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ 1993ರಲ್ಲಿ ಅದು ಶುರುವಾಯಿತು. ಯಾದಿಗೆ ಹೆಸರು ಸೇರಿಸಲು ಬಿಎಲ್‌ಒ ಬಾಗಿಲಿಗೆ ಬರುತ್ತಾರೆ, ಮತಗಟ್ಟೆ ಸಾಮಾನ್ಯವಾಗಿ ಎರಡು ಕಿಲೋಮೀಟರಿನೊಳಗೆ ಇರುತ್ತದೆ, ಆ ದಿನ ರಜೆ ಇರುತ್ತದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಗುರುತಿನ ಚೀಟಿ ಇಲ್ಲ, ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗವೂ ನಮ್ಮದರಂತೆ ಇಲ್ಲ. ನಿಯಮಗಳು ರಾಜ್ಯರಾಜ್ಯಕ್ಕೆ ಬೇರೆ. ಹೆಚ್ಚಿನ ರಾಜ್ಯಗಳಲ್ಲಿ ಹೆಸರು ನೋಂದಾಯಿಸುವ ಜವಾಬ್ದಾರಿ ಮತದಾರನದೇ. ಮತದಾನ 1845ರ ಕಾನೂನಿನಂತೆ ಮಂಗಳವಾರ ನಡೆಯುತ್ತದೆ, ದೇಶಕ್ಕೆಲ್ಲ ಅಂದು ರಜೆಯಿಲ್ಲ. ಕಾರು ಓಡಿಸದವರ ಬಳಿ ಫೋಟೊ ಇರುವ ಕಾರ್ಡೇ ಇಲ್ಲದಿರಬಹುದು.

ಅದಕ್ಕಿಂತ ಮುಖ್ಯವಾಗಿ ಅವರಿಗೆ ಒಂದು ಹಳೆಯ ಗಾಯವಿದೆ. ಜನಾಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂದು 1870ರಲ್ಲೇ ಅವರ ಸಂವಿಧಾನ ತಿದ್ದುಪಡಿಯಾದರೂ, ದಕ್ಷಿಣದ ರಾಜ್ಯಗಳು ಮತದ ಮೇಲೆ ತೆರಿಗೆ ಹಾಕಿ, ಅಕ್ಷರ ಪರೀಕ್ಷೆ ಇಟ್ಟು ಕರಿಯರನ್ನು ಸುಮಾರು ನೂರು ವರ್ಷ ಹೊರಗಿಟ್ಟವು. ಕಾನೂನಿನಲ್ಲಿ ಎಲ್ಲಿಯೂ ‘ಕರಿಯರಿಗೆ ಮತವಿಲ್ಲ’ ಎಂದು ಬರೆದಿರಲಿಲ್ಲ, ನಿಯಮ ಎಲ್ಲರಿಗೂ ಒಂದೇ ಎಂಬಂತೆ ಕಾಣುತ್ತಿತ್ತು. 1965ರ ಮತದಾನ ಹಕ್ಕು ಕಾಯ್ದೆ ಅಂಥ ರಾಜ್ಯಗಳು ನಿಯಮ ಬದಲಿಸುವ ಮುಂಚೆ ಕೇಂದ್ರದ ಒಪ್ಪಿಗೆ ಪಡೆಯಬೇಕೆಂದಿತು. ಯಾವ ರಾಜ್ಯಗಳಿಗೆ ಆ ಕಟ್ಟಳೆ ಎಂಬುದನ್ನು ಗೊತ್ತುಮಾಡುವ ಸೂತ್ರವನ್ನು ಅಲ್ಲಿನ ಸುಪ್ರೀಂ ಕೋರ್ಟು 2013ರಲ್ಲಿ ರದ್ದುಮಾಡಿದ ಮೇಲೆ ಜಗಳ ಮತ್ತೆ ಬಿಸಿಯೇರಿದೆ. ಜಾರ್ಜಿಯಾ ರಾಜ್ಯ 2021ರಲ್ಲಿ, ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಂತವರಿಗೆ ಹೊರಗಿನವರು ನೀರು, ತಿಂಡಿ ಹಂಚುವುದನ್ನೂ ನಿರ್ಬಂಧಿಸಿತು. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿನಲ್ಲಿ ಇದನ್ನು ಯಾರಾದರೂ ಹೇಳಿದ್ದರೆ! ಚೀಟಿ ಬೇಕೆನ್ನುವವರ ಮಾತಿನಲ್ಲೂ ಹುರುಳಿದೆ: ಸೋತವರೂ ಫಲಿತಾಂಶವನ್ನು ನಂಬಬೇಕಾದರೆ ಗುರುತು ಖಚಿತವಾಗಿರಬೇಕು, ಇಂಡಿಯಾನಾ ರಾಜ್ಯದ ಅಂಥ ಕಾನೂನನ್ನು ಅವರ ಸುಪ್ರೀಂ ಕೋರ್ಟೇ 2008ರಲ್ಲಿ ಎತ್ತಿಹಿಡಿಯಿತು. ಇಂಥ ಕಾನೂನುಗಳಿಂದ ಮತದಾನ ಎಷ್ಟು ಇಳಿಯುತ್ತದೆ ಎಂಬುದರಲ್ಲಿ ಸಂಶೋಧಕರಿಗೂ ಒಮ್ಮತವಿಲ್ಲ. ನಿಮ್ಮ ಮಗನನ್ನು ಕೇಳಿದರೆ ಅವನಿರುವ ರಾಜ್ಯದ ಕ್ರಮ ಇನ್ನೂ ಬೇರೆಯೇ ಇದ್ದೀತು.

ಪ್ರಶ್ನೆ: ತವರಿನ ಯಾದಿಯಲ್ಲಿ ನನ್ನ ಹೆಸರು ‘ಶಾಂತವ್ವ’ ಎಂದಿದೆ, ಗಂಡನ ಮನೆಯ ಆಧಾರದಲ್ಲಿ ‘ಶಾಂತಾಬಾಯಿ’ ಎಂದಿದೆ. ಎರಡೂ ಕಡೆ ಇರಲಿ ಬಿಡು ಎನ್ನುತ್ತಾರೆ ಮನೆಯವರು. ಏನು ಮಾಡಲಿ?
– ಇಳಕಲ್ಲಿನ ಓದುಗರು

ಉತ್ತರ: ಎರಡೂ ಕಡೆ ಇಟ್ಟುಕೊಳ್ಳಬೇಡಿ ಅಕ್ಕಾವ್ರೆ, ಅದು ಕಾನೂನಿಗೆ ವಿರುದ್ಧ. ಹೊಸದಾಗಿ ನಮೂನೆ 6 ಹಾಕಿದರೆ ಎರಡನೆಯ ಹೆಸರು ಹುಟ್ಟಿಕೊಳ್ಳುತ್ತದೆ. ನಮೂನೆ 8 ಹಾಕಿರಿ, ತವರಿನ ಹೆಸರು ಇಲ್ಲಿಗೆ ವರ್ಗವಾಗುತ್ತದೆ, ಹೆಸರಿನ ತಿದ್ದುಪಡಿಗೂ ಅದೇ ನಮೂನೆ.

ನಿಮ್ಮ ತೊಂದರೆ ಹೊಸದಲ್ಲ. 1951–52ರ ಮೊದಲ ಚುನಾವಣೆಗೆ ಯಾದಿ ಬರೆಯುವಾಗ ಉತ್ತರದ ಹಲವು ರಾಜ್ಯಗಳಲ್ಲಿ ಹೆಣ್ಣುಮಕ್ಕಳು ಸ್ವಂತ ಹೆಸರು ಹೇಳಲೊಲ್ಲದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ್ದರು. ಹಾಗಿರುವ ಹೆಸರುಗಳನ್ನು ಇಟ್ಟುಕೊಳ್ಳಲು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರುಗಳು ಹೊರಗುಳಿದವು. ಆ ಕಟ್ಟುನಿಟ್ಟಿನಿಂದ ಮುಂದಿನ ಚುನಾವಣೆಗಳ ಹೊತ್ತಿಗೆ ಹೆಂಗಸರ ಹೆಸರು ಹೆಸರಾಗಿಯೇ ಬಂದವೆಂದು ಮೆಚ್ಚುವವರಿದ್ದಾರೆ. ನಾನೂ ಮೆಚ್ಚುತ್ತೇನೆ, ಆದರೆ ಆ ಸಲದ ಮತ ಹೋದದ್ದು ಹೋಯಿತು.

ಪ್ರಶ್ನೆ: ಮತದಾನದ ದಿನ ಮಗ್ಗ ನಿಲ್ಲಿಸಿದರೆ ಅಂದಿನ ಕೂಲಿ ಇಲ್ಲ ಎನ್ನುತ್ತಾರೆ ಮಾಲೀಕರು. ಕೇಳುವವರಿಲ್ಲವೇ?
– ಬನಹಟ್ಟಿಯ ಓದುಗರು

ಉತ್ತರ: 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನಂತೆ ಅಂದು ವೇತನಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ ಅದು ಅನ್ವಯ. ತಪ್ಪಿದ ಮಾಲೀಕನಿಗೆ ದಂಡ 500 ರೂಪಾಯಿಯವರೆಗೆ, ಇಂದಿನ ದಿನಮಾನದಲ್ಲಿ ಅದು ದಂಡವೇ ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ದೂರನ್ನು ಕಾರ್ಮಿಕ ಇಲಾಖೆಗೂ ಚುನಾವಣಾಧಿಕಾರಿಗೂ ಕೊಡಬಹುದು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಎ.ಆರ್. ಕೃಷ್ಣಮೂರ್ತಿ ಒಂದೇ ಮತದಿಂದ ಆರ್. ಧ್ರುವನಾರಾಯಣ ಅವರಿಗೆ ಸೋತಾಗ, ಅವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವು ಸಿಕ್ಕಿರಲಿಲ್ಲ ಎಂಬ ಮಾತು ರಾಜ್ಯದ ತುಂಬ ಹಬ್ಬಿತ್ತು. ಮಾಲೀಕರಿಗೆ ಬೇಕಾದರೆ ಇದನ್ನು ಓದಿ ಹೇಳಿರಿ.

ಪ್ರಶ್ನೆ: ನಮ್ಮ ತಂದೆಯವರಿಗೆ 87 ವರ್ಷ, ಎದ್ದು ನಡೆಯಲಾರರು. ಮನೆಯಲ್ಲೇ ಮತ ಹಾಕಬಹುದೆಂದು ಕೇಳಿದ್ದೇನೆ.
– ಮುಧೋಳದ ಓದುಗರು

ಉತ್ತರ: ಹೌದು. ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳಲ್ಲಿ 85 ವರ್ಷ ದಾಟಿದವರಿಗೆ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವವರಿಗೆ ಈ ಸೌಲಭ್ಯವಿದೆ. 2023ರಲ್ಲಿ ನಮ್ಮ ವಿಧಾನಸಭೆಗೆ ವಯಸ್ಸಿನ ಮಿತಿ 80 ಇತ್ತು, ಆಮೇಲೆ ಏರಿಸಿದರು. ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12ಡಿ ತುಂಬಿ ಬಿಎಲ್‌ಒ ಕೈಗೆ ಕೊಡಬೇಕು. ಆಮೇಲೆ ಸಿಬ್ಬಂದಿ ಮತಪತ್ರದೊಂದಿಗೆ ಮನೆಗೇ ಬರುತ್ತಾರೆ, ಬರುವ ದಿನವನ್ನು ಮೊದಲೇ ತಿಳಿಸುತ್ತಾರೆ. ಒಮ್ಮೆ ಇದನ್ನು ಒಪ್ಪಿಕೊಂಡವರು ಮತ್ತೆ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ. ಅವರು ಬಂದ ಹೊತ್ತಿಗೆ ತಂದೆಯವರನ್ನು ಆಸ್ಪತ್ರೆಗೋ ತಂಗಿಯ ಮನೆಗೋ ಕರೆದೊಯ್ದಿದ್ದರೆ ಇನ್ನೊಂದು ಸಲ ಬರುತ್ತಾರೆ, ಮೂರನೆಯ ಸಲ ಬರುವುದಿಲ್ಲ.